ಹುಲ್ಲುಮನೆಯವಳು

ಹೆಣ್ಣಿಗೆ ಹಟ ಇರಬಾರದು, ಗಂಡಿಗೆ ಚಟ ಇರಬಾರದು ಅಂತ ಗಾದೆ. ಈ ಗಾದೆಯನ್ನು ನನ್ನ ಮುಖದ ಮೇಲೆ ಹೇಳಿದವರು ಒಬ್ಬಿಬ್ಬರಲ್ಲ. ನನ್ನ ಗಂಡನಿಗೆ ಚಟವಿರಲಿಲ್ಲ, ಎಲೆ ಅಡಿಕೆ ಕೂಡ ಹಬ್ಬಕ್ಕೊಂದು ಸಲ. ನನಗೆ ಹಟವಿತ್ತು. ಈಗಲೂ ಇದೆ. ಇಷ್ಟವಿಲ್ಲದವರು ಮುಖ ತಿರುಗಿಸಿಕೊಂಡು ಹೋಗಲಿ, ದಾರಿ ಅಗಲವಾಗಿದೆ.

ಅಜ್ಜಂಪುರದಿಂದ ಒಂದು ಹರದಾರಿ ದೂರದ ಹಳ್ಳಿಯಲ್ಲಿ ನನ್ನ ಅಜ್ಜಿಯ ಮನೆ. ಐದಂಕಣದ ಮಣ್ಣಿನ ಮನೆ, ಮೇಲೆ ಗುಡ್ಡದ ಹುಲ್ಲಿನ ಹೊದಿಕೆ. ಬೇಸಿಗೆಯಲ್ಲಿ ಊರೆಲ್ಲ ಕುದಿಯುತ್ತಿದ್ದರೂ ಒಳಗೆ ಕಾಲಿಟ್ಟರೆ ಮೈ ತಣ್ಣಗಾಗುತ್ತಿತ್ತು. ಬಾಗಿಲು ಎಷ್ಟು ಗಿಡ್ಡ ಎಂದರೆ ನೆಟ್ಟಗೆ ನಿಂತು ಒಳಗೆ ಬಂದವರು ಮಕ್ಕಳು ಮಾತ್ರ. ಒಮ್ಮೆ ಜಮಾಬಂದಿಗೆ ಬಂದ ಅಮಲ್ದಾರರು ನೀರು ಕುಡಿಯಲು ಒಳಗೆ ನುಗ್ಗಿ ರುಮಾಲು ಉರುಳಿಸಿಕೊಂಡರಂತೆ. "ಅಮಲ್ದಾರ್ ಆಗ್ಲಿ ಅವರಪ್ಪ ಆಗ್ಲಿ, ನನ್ ಮನೇಗೆ ತಲೆ ಬಗ್ಸೇ ಬರ್ಬೇಕು ಕಣೇ" ಎಂದು ಅಜ್ಜಿ ಸಾಯುವವರೆಗೂ ಆ ಕಥೆ ಹೇಳಿದಳು.

ನಡುಮನೆಯಲ್ಲಿ ಒಂದು ಹೊನ್ನೆ ಮರದ ಕಂಬ. ಅದಕ್ಕೆ ಹಗ್ಗ ಕಟ್ಟಿ ಮಜ್ಜಿಗೆ ಕಡೆಯುತ್ತಿದ್ದರು. ಅಜ್ಜಿ, ಅಜ್ಜಿಯ ಅತ್ತೆ, ಅವಳ ಅತ್ತೆ, ಹೀಗೆ ಹೆಂಗಸರು ಹಗ್ಗ ಎಳೆದೂ ಎಳೆದೂ ಕಂಬದ ಸೊಂಟದಲ್ಲಿ ಹೆಬ್ಬೆರಳು ಕೂರುವಷ್ಟು ಆಳದ ಗೆರೆ ಬಿದ್ದಿತ್ತು. ಅಪ್ಪ ಅವ್ವ ಇಲ್ಲದ ನನ್ನನ್ನು ಅಜ್ಜಿ ಆ ಕಂಬದ ಬುಡದಲ್ಲೇ ಕೂರಿಸಿಕೊಂಡು ಬೆಣ್ಣೆ ತಿನ್ನಿಸಿ ಬೆಳೆಸಿದಳು. ಹೆಣ್ಣು ಕೂಸಿಗೆ ಓದು ಯಾಕೆ ಎಂದವರ ಬಾಯಿ ಮುಚ್ಚಿಸಿ ಕೂಲಿಮಠದ ಅಯ್ಯನವರ ಹತ್ತಿರ ನಾಲ್ಕಕ್ಷರ ಕಲಿಸಿದಳು. ಆಮೇಲೆ ತರೀಕೆರೆಯ ಪೇಟೆ ಬೀದಿಗೆ ಮದುವೆ ಮಾಡಿಕೊಟ್ಟಳು.

ಮಾವನವರದು ಕೊಬ್ಬರಿ, ಮೆಣಸಿನಕಾಯಿ ವ್ಯಾಪಾರ. ಹಣೆ ತುಂಬ ವಿಭೂತಿ, ಮಠಕ್ಕೆ ನಡೆದುಕೊಳ್ಳುವ ಮನೆತನ, ಮರ್ಯಾದೆಗೆ ಪ್ರಾಣ ಬಿಡುವ ಜನ. ಸೊಸೆ ಮಾವನ ಎದುರಿಗೆ ನಿಲ್ಲುವಂತಿಲ್ಲ, ಮಾತಾಡುವಂತಿಲ್ಲ. ಅವರೂ ನನ್ನ ಜೊತೆ ಮಾತಾಡುತ್ತಿರಲಿಲ್ಲ. "ನೀರು ಬೇಕು ಅಂತ ಹೇಳಿ" ಎಂದು ಗೋಡೆಗೆ ಹೇಳುತ್ತಿದ್ದರು. ಮನೆಯಲ್ಲಿ ನಾನೊಬ್ಬಳೇ ಇದ್ದಾಗಲೂ ಅಷ್ಟೆ. ನಾನು ಬಾಗಿಲ ಮರೆಯಿಂದ ಚೆಂಬು ಸರಿಸುತ್ತಿದ್ದೆ. ಮೂರು ವರ್ಷದಲ್ಲಿ ನಮ್ಮಿಬ್ಬರ ನಡುವೆ ನೇರವಾಗಿ ಒಂದು ಮಾತೂ ಓಡಾಡಿರಲಿಲ್ಲ.

ಅತ್ತೆಗೆ ಆ ತೊಂದರೆ ಇರಲಿಲ್ಲ. ಅವರ ಬಾಯಿಯಲ್ಲಿ ನನ್ನ ಹೆಸರು ಒಂದು ದಿನವೂ ಬರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ "ಹುಲ್ಲುಮನೆಯವಳ ಕೈರುಚಿ", ಲೋಟ ಉರುಳಿದರೆ "ಹುಲ್ಲುಮನೆಯವಳ ನಯ". ಪೇಟೆ ಬೀದಿಯ ಮನೆಗಳಿಗೆ ಒಂದೊಂದಾಗಿ ಮಂಗಳೂರು ಹೆಂಚು ಏರುತ್ತಿದ್ದ ಕಾಲ ಅದು. ನಮ್ಮ ಮನೆಗಿನ್ನೂ ನಾಡಹೆಂಚೇ ಇತ್ತು. ಎದುರು ಮನೆಯ ಕೆಂಪು ಹೆಂಚು ನೋಡಿದಾಗಲೆಲ್ಲ ಅತ್ತೆಯ ಹೊಟ್ಟೆಯಲ್ಲಿ ಒಲೆ ಉರಿಯುತ್ತಿತ್ತು.

ಮದುವೆಯಾದ ಮೂರನೆಯ ವರ್ಷ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡಳು. ಸಾಯುವುದಕ್ಕೆ ಮುಂಚೆಯೇ ಗಾಡಿ ಕಟ್ಟಿಸಿಕೊಂಡು ತರೀಕೆರೆಗೆ ಬಂದು, ತನ್ನ ಹೆಸರಿನಲ್ಲಿದ್ದ ಮನೆಯನ್ನು ನನಗೆ ದಾನಪತ್ರ ಮಾಡಿಸಿ ಹೋಗಿದ್ದಳು. ಹುಲ್ಲುಮನೆಯೆಂದು ಮೂರು ವರ್ಷ ಮೂಗು ಮುರಿದವರಿಗೆ ಆಗ ತಟ್ಟನೆ ಆ ಮನೆಯ ಮೇಲೆ ಪ್ರೀತಿ ಬಂತು. ಮನೆಯ ಮೇಲಲ್ಲ, ಅದರ ಮರದ ಮೇಲೆ. ಅದನ್ನು ಮಾರಿ ಇಲ್ಲಿಗೆ ಹೆಂಚು ಹೊದಿಸುವುದೆಂದು ಅವರವರೇ ಮಾತಾಡಿಕೊಂಡರು. ನನ್ನನ್ನು ಕೇಳಲಿಲ್ಲ. ಹಳೇ ಮನೆಗಳನ್ನು ಕೊಂಡು, ಕಿತ್ತು, ತೊಲೆ ಕಂಬ ಮಾರುವ ಕಡೂರಿನ ವ್ಯಾಪಾರಿಯೊಬ್ಬನನ್ನು ಗೊತ್ತುಮಾಡಿದರು.

ಅಜ್ಜಿಯ ತಿಂಗಳ ಪೂಜೆಗೆ ನಾವು ಹಳ್ಳಿಗೆ ಹೋಗಿದ್ದಾಗ ಅವನು ಮನೆ ನೋಡಲು ಬಂದ. ಮನೆ ನೋಡಿದ್ದೆಲ್ಲಿ ಬಂತು! ಬೆರಳ ಗೆಣ್ಣಿನಿಂದ ತೊಲೆ ತಟ್ಟಿದ, ಬಾಗಿಲುವಾಡವನ್ನು ಉಗುರಿನಲ್ಲಿ ಕೆರೆದ. ಮಜ್ಜಿಗೆ ಕಂಬದ ಹತ್ತಿರ ನಿಂತು ಗೆರೆಯ ಮೇಲೆ ಕೈಯಾಡಿಸಿ, "ಈ ಕಂಬಕ್ಕೆ ಗಾಯ ಆಗೈತೆ ಯಜಮಾನ್ರೇ. ಇದು ಸೌದೆಗೆ ಸೈ" ಎಂದ. ನಾನು ಅಡಿಗೆಮನೆಯ ಬಾಗಿಲ ಮರೆಯಲ್ಲಿದ್ದೆ. ಗಾಯವಂತೆ! ನಾಲ್ಕು ತಲೆಮಾರಿನ ಹೆಂಗಸರ ರಟ್ಟೆ ಸವೆದ ಗುರುತು ಅವನಿಗೆ ಗಾಯವಾಗಿ ಕಂಡಿತು.

ಆ ಸಂಜೆ ಗಂಡನಿಗೆ "ನಾನು ಮಾರಲ್ಲ" ಎಂದೆ. ಅವರು ಅಪ್ಪನ ಮಾತನ್ನು ತಂದೊಪ್ಪಿಸಿದರು: "ಹೊದಿಕೆ ಕೊಳೆತು ನಿಂತೈತೆ. ಈ ಮಳೆಗಾಲ ಗೋಡೆ ಕರಗಿಹೋಗುತ್ತೆ. ಆಮೇಲೆ ಯಾರೂ ಮೂಸಲ್ಲ, ಮಾರೋದೇ ವಾಸಿ ಅಂತಾರೆ ಅಪ್ಪಯ್ಯ." ಅದೊಂದು ಮಾತು ಮಾತ್ರ ಸುಳ್ಳಲ್ಲ. ಹೊದಿಕೆ ಹೋದರೆ ಮಣ್ಣಿನ ಗೋಡೆಗೆ ಒಂದು ಮಳೆಗಾಲವೇ ಆಯುಷ್ಯ.

ಯುಗಾದಿ ಕಳೆದು ಬಿಸಿಲೇರಿದ ಮೇಲೆ ನನ್ನನ್ನು ಹಳ್ಳಿಗೆ ಕಳಿಸಿದರು. ಪಾತ್ರೆ ಪಡಗ ಒಟ್ಟುಮಾಡಿ ಇಟ್ಟಿರಬೇಕು, ಹತ್ತು ದಿನ ಬಿಟ್ಟು ಅವರು ವ್ಯಾಪಾರಿಯೊಂದಿಗೆ ಬಂದು ಪತ್ರಕ್ಕೆ ನನ್ನ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ ಎಂದು ಏರ್ಪಾಡು. ಹೆಬ್ಬೆಟ್ಟು! ನನಗೆ ಸಹಿ ಬರುತ್ತದೆಂಬುದು ಕೂಡ ಅವರಿಗೆ ಗೊತ್ತಿರಲಿಲ್ಲ.

ಹಿತ್ತಿಲಿಗೆ ಹೋದೆ. ಅಲ್ಲಿ ಬಣವೆ ಇತ್ತು. ಕೊನೆಯ ಸಲ ಹಾಸಿಗೆ ಹಿಡಿಯುವ ಮುಂಚೆ ಅಜ್ಜಿ ಆ ವರ್ಷದ ಹೊದಿಕೆಗೆಂದು ಗುಡ್ಡದ ಹುಲ್ಲು ಕೊಯ್ಯಿಸಿ, ಒಣಗಿಸಿ, ಒಪ್ಪವಾಗಿ ಒಟ್ಟಿಸಿದ್ದಳು. ಪಕ್ಕದಲ್ಲಿ ಕತ್ತಾಳೆ ಹಗ್ಗದ ಸುರುಳಿ. ನಾನು ಅಲ್ಲೇ ಕುಕ್ಕರಿಸಿ ಕುಳಿತು ಚೆನ್ನಾಗಿ ಅತ್ತೆ. ಅತ್ತು ಮುಗಿದ ಮೇಲೆ ಊರಿನಲ್ಲಿ ಮನೆ ಹೊದಿಸುವ ಹಿರಿಯನ ಹತ್ತಿರ ಹೋದೆ.

"ಮಾರೋ ಮನೆಗೆ ಯಾರವ್ವಾ ಹೊದಿಕೆ ಹಾಕ್ತಾರೆ?" ಎಂದ ಆತ. "ನಿಮ್ ಮಾವ್ನೋರ ಮಾತು ಮೀರಿ ನಾನು ಕೈ ಹಾಕಲ್ಲ."

"ಹಾಗಾದ್ರೆ ನಾನೇ ಹಾಕ್ತೀನಿ" ಎಂದೆ.

ಕಟ್ಟೆಯ ಮೇಲೆ ಕುಳಿತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಗಸು ಮನೆಯ ಮೇಲೆ ಹತ್ತುವುದೆಂದರೆ ನಮ್ಮ ಕಡೆ ಕೇಡು. ಒಳಗೆ ದೇವರ ಜಗಲಿ ಇರುತ್ತದೆ, ಅದರ ನೆತ್ತಿ ತುಳಿದ ಹಾಗಾಗುತ್ತದೆ ಎನ್ನುತ್ತಾರೆ. ಗಂಡಸು ತುಳಿದರೆ ದೇವರಿಗೆ ಏನೂ ಅನ್ನಿಸುವುದಿಲ್ಲವೋ ಏನೋ.

ಮಾರನೆಯ ಬೆಳಿಗ್ಗೆ ಸೀರೆಯನ್ನು ಕಚ್ಚೆ ಬಿಗಿದು ಏಣಿ ಹತ್ತಿದೆ. ಕೊಳೆತ ಹುಲ್ಲು ಕಿತ್ತೆಸೆಯುವುದಕ್ಕೇ ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ಹೊಸ ಹುಲ್ಲು ಕಟ್ಟತೊಡಗಿದಾಗ ಪಕ್ಕದ ಮನೆಯ ದೊಡ್ಡವ್ವ, ಅಜ್ಜಿಯ ಜೊತೆ ಅರವತ್ತು ವರ್ಷ ಜಗಳವಾಡಿದವಳು, ಗೋಡೆಯಾಚೆಯಿಂದ ನೋಡಿ ಕೂಗಿದಳು: "ಅಯ್ಯೋ ನಿನ್ ಮನೆ ಹಾಳಾಗ! ಮೇಲಿಂದ ಸುರು ಮಾಡ್ತೀಯೇನೇ? ಸೂರಿನಿಂದ ಕಟ್ಕಂಡು ಮೇಲಕ್ಕೆ ಹೋಗ್ಬೇಕು ಕಣೇ. ಹಿಂಗ್ ಕಟ್ಟಿದ್ರೆ ಮಳೆ ನೀರು ನಿನ್ ತಟ್ಟೆಗೇ ಬೀಳ್ತದೆ." ಬೈಯುತ್ತಲೇ ಬಂದಳು. ಬೈಯುತ್ತಲೇ ಹುಲ್ಲನ್ನು ಸಿವುಡು ಕಟ್ಟಿ, ಕವೆಗೋಲಿನಿಂದ ಮೇಲೆ ಕೊಟ್ಟಳು. ಯಾಕೆ ಬಂದೆ ದೊಡ್ಡವ್ವ ಎಂದು ಕೇಳಿದ್ದಕ್ಕೆ, "ಹೋದ್ ವರ್ಷ ನಿಮ್ಮಜ್ಜಿ ನಮ್ಮನೆ ಹೊದಿಕೇಗೆ ಬಂದು ಮುದ್ದೆ ತೊಳಸಿದ್ಲು. ಆ ಮುಯ್ಯಿ ತೀರಿಸ್ದೆ ನಾನು ಸತ್ರೆ, ಮೇಲೂ ಬಂದು ಜಗಳ ತೆಗೀತಾಳೆ ಮುದುಕಿ" ಎಂದಳು.

ಕೊಳೆತ ಹುಲ್ಲು ಕಿತ್ತೆಸೆಯುವುದಕ್ಕೇ ಮೂರು ದಿನ ಹಿಡಿಯಿತು. ಅಂಗೈ ಸಿಗಿದು, ಮೊಣಕಾಲು ತರಚಿ, ರಾತ್ರಿ ಮುದ್ದೆ ಮುರಿಯಲು ಕೈ ಬಾರದೆ ದೊಡ್ಡವ್ವನೇ ತುತ್ತು ಮಾಡಿಕೊಟ್ಟಳು. ಎರಡು ಸಲ ಜಾರಿದೆ. ಆಡಿಕೊಳ್ಳುವವರ ಮುಂದೆ ಎಡವಿ ಬೀಳಬಾರದು ಎಂದು ಹಲ್ಲು ಕಚ್ಚಿ ಮಾಡಿನ ಬಿದಿರ ಗಳಕ್ಕೆ ಜೋತುಬಿದ್ದೆ. ಕಟ್ಟೆಯ ನಗು ಐದನೆಯ ದಿನಕ್ಕೆ ನಿಂತಿತು. ಏಳನೆಯ ದಿನ ಆ ಹೊದಿಸುವ ಹಿರಿಯ ದೂರದಲ್ಲಿ ನಿಂತು, "ಎಡಗಡೆ ಗಂಟು ಸಡಿಲ ಆಗೈತೆ ಕಣವ್ವಾ" ಎಂದು ಹೇಳಿ, ಏನೂ ಆಗದವನಂತೆ ನಡೆದುಹೋದ.

ಹತ್ತನೆಯ ದಿನ ಮಧ್ಯಾಹ್ನ ಗಾಡಿ ಬಂತು. ಎರಡೂ ಮಗ್ಗುಲು ಮುಗಿದು, ನೆತ್ತಿಯ ಹತ್ತಿರ ಒಂದು ಸಾಲು ಉಳಿದಿತ್ತು. ಮಾವ, ನನ್ನ ಗಂಡ, ವ್ಯಾಪಾರಿ ಮೂವರೂ ಇಳಿದರು. ನಾನು ಮೇಲೆ, ಕಚ್ಚೆ ಹಾಕಿಕೊಂಡು, ತಲೆಯ ಮೇಲೆ ಸೆರಗಿಲ್ಲದೆ, ಕೂದಲ ತುಂಬ ಹುಲ್ಲು ತುಂಬಿಕೊಂಡು ಕೂತಿದ್ದೆ. ಮಾವ ಒಂದು ಸಲ ತಲೆಯೆತ್ತಿದರು. ಅಷ್ಟೆ, ಬೆಂಕಿ ಮುಟ್ಟಿದವರಂತೆ ತಲೆ ತಗ್ಗಿಸಿಬಿಟ್ಟರು. ಮಾಡಿನ ಮೇಲೆ ಕಾಲು ಕಾಣುವಂತೆ ಕೂತ ಸೊಸೆಯನ್ನು ಮಾವ ಹೇಗೆ ನೋಡುವುದು? ಮರ್ಯಾದಸ್ಥರು ಪಾಪ! ತಮ್ಮ ಚಪ್ಪಲಿಯನ್ನೇ ನೋಡುತ್ತ ಗುಡುಗಿದರು.

"ಇಳಿ ಅಂತ ಹೇಳೋ ಅವಳಿಗೆ!"

ನನ್ನ ಗಂಡ ಮೇಲೆ ನೋಡಿದರು. "ಇಳೀಬೇಕಂತೆ ಕಣೇ."

"ಒಂದು ಸಾಲು ಐತೆ. ಮುಗಿಸಿ ಇಳೀತೀನಿ ಅಂತ ಹೇಳಿ" ಎಂದೆ.

"ಮುಗಿಸಿ ಇಳೀತಾಳಂತೆ ಅಪ್ಪಯ್ಯ."

"ಕಿವಿ ಕೆಪ್ಪಲ್ಲ ನಂಗೆ! ಪತ್ರ ತಂದಿದೀವಿ, ಹೆಬ್ಬೆಟ್ಟು ಒತ್ತು ಅಂತ ಹೇಳು."

"ಹೊದಿಕೆ ಕೊಳೀತು ಅಂತ ತಾನೆ ಮಾರೋಕೆ ಹೊರಟಿದ್ದು? ಈಗ ಕೊಳೆತಿಲ್ಲ ಅಂತ ಹೇಳಿ."

ವ್ಯಾಪಾರಿ ಒಳಗೆ ನೋಡಿ ಬರುತ್ತೇನೆಂದು ಬಾಗಿಲಿಗೆ ನುಗ್ಗಿದ. ಹಣೆ ಬಾಗಿಲುವಾಡಕ್ಕೆ ಬಡಿದ ಸದ್ದು ಮೇಲಿದ್ದ ನನಗೂ ಕೇಳಿಸಿತು. ದೊಡ್ಡವ್ವ "ಬಗ್ಬೇಕು ಕಣಪ್ಪಾ" ಎಂದಳು. ಅವನು ಹಣೆ ಉಜ್ಜಿಕೊಳ್ಳುತ್ತ ಗಾಡಿಯ ಹತ್ತಿರ ಹೋಗಿ ನಿಂತ. ಊರಿನ ಅರ್ಧ ಜನ ಅಲ್ಲೇ ಸೇರಿದ್ದರು. ಮಾವನವರ ಕತ್ತು ಕೆಂಪಾಗಿತ್ತು. ತಲೆ ಮಾತ್ರ ಮೇಲೇಳಲಿಲ್ಲ.

"ಹಾಗಾದ್ರೆ ಈ ಹುಲ್ಲು ತಬ್ಕೊಂಡೇ ಬಿದ್ದಿರಲಿ. ನಮ್ ಮನೆ ಹೊಸ್ತಿಲು ಮತ್ತೆ ತುಳಿಯೋದು ಬೇಡ ಅಂತ ಹೇಳೋ ಅವಳಿಗೆ."

ಮದುವೆಯಾದಾಗಿನಿಂದ ಅಪ್ಪನ ಪ್ರತಿ ಮಾತನ್ನೂ ನನಗೆ ತಂದೊಪ್ಪಿಸಿದ ನನ್ನ ಗಂಡ, ಆ ಮಾತನ್ನು ಒಪ್ಪಿಸಲಿಲ್ಲ. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಈ ಮಣ್ಣಿನ ಮನೆಗೋಸ್ಕರ ಗಂಡನನ್ನೇ ಕಳೆದುಕೊಂಡೆನೇನೋ ಅನ್ನಿಸಿತು. ಆದರೂ ಮೂರು ವರ್ಷದಲ್ಲಿ ಮೊದಲ ಸಲ ಮಾವನಿಗೆ ನೇರವಾಗಿ ಹೇಳಿದೆ:

"ಕೇಳಿಸ್ತು ಮಾವ. ಆದ್ರೆ ಮಾರಲ್ಲ."

ಗಂಡನ ಕಡೆ ತಿರುಗಿ, ಇದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿಕೊಂಡು, "ಒಂದು ಸಿವುಡು ಕೊಡ್ತೀರಾ?" ಎಂದೆ.

ಅವರು ಗಾಡಿಯ ಕಡೆ ತಿರುಗಿದ ಅಪ್ಪನ ಬೆನ್ನು ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಪಂಚೆ ಮೇಲೆ ಕಟ್ಟಿ, ದೊಡ್ಡವ್ವನ ಕೈಯಿಂದ ಕವೆಗೋಲು ತೆಗೆದುಕೊಂಡು ಸಿವುಡನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಗಾಡಿ ತಿರುಗಿ ಹೊರಟ ಸದ್ದು ಕೇಳಿಸಿತು. ನಾವಿಬ್ಬರೂ ಆ ಕಡೆ ನೋಡಲಿಲ್ಲ.

ಆಮೇಲಿನ ದಿನಗಳು ಸುಖದ್ದೇನಲ್ಲ. ತರೀಕೆರೆಯಿಂದ ಒಂದು ಹಬ್ಬಕ್ಕೂ ಕರೆ ಬರಲಿಲ್ಲ. ನನ್ನ ಗಂಡ ಅಜ್ಜಂಪುರದ ಸಂತೆಯಲ್ಲಿ ನೆಲದ ಮೇಲೆ ಗೋಣಿ ಹಾಸಿಕೊಂಡು ಮೆಣಸಿನಕಾಯಿ ಮಾರಿದರು, ಪೇಟೆ ಬೀದಿಯಲ್ಲಿ ಗಾದಿಯ ಮೇಲೆ ಕೂತವರು. ಅಪ್ಪನ ನೆನಪಾದ ದಿನ ಊಟ ಬಿಡುತ್ತಿದ್ದರು, ನನ್ನನ್ನು ಮಾತ್ರ ಒಂದು ದಿನವೂ ಅನ್ನಲಿಲ್ಲ. ಪ್ರತಿ ಬೇಸಿಗೆ ನಾನೇ ಮೇಲೆ ಹತ್ತಿದೆ, ಅವರೇ ಕೆಳಗಿನಿಂದ ಹುಲ್ಲು ಕೊಟ್ಟರು. ಮಾವ ಹೇಗೋ ಹೊಂದಿಸಿ ತಮ್ಮ ಮನೆಗೆ ಕೆಂಪು ಹೆಂಚು ಏರಿಸಿದರೆಂದು ಸಂತೆಗೆ ಬಂದವರು ಹೇಳಿದರು.

ಐದನೆಯ ವರ್ಷ ತರೀಕೆರೆಗೆ ಪ್ಲೇಗು ಬಂತು. ಅಟ್ಟದಿಂದ ಇಲಿ ಸತ್ತು ಬಿದ್ದ ಮನೆಗಳನ್ನೆಲ್ಲ ಖಾಲಿ ಮಾಡಬೇಕೆಂದು ಅಪ್ಪಣೆಯಾಯಿತು. ಕೆಂಪು ಹೆಂಚಿನ ಮನೆಯಲ್ಲೂ ಇಲಿ ಬಿತ್ತು. ನನ್ನ ಗಂಡ ನನ್ನ ಮುಖ ನೋಡಿದರು. "ನೋಡ್ತೀರೇನು? ಗಾಡಿ ಕಟ್ಟಿ" ಎಂದೆ.

ಅತ್ತೆ ಇಳಿದವರೇ ಅಳುತ್ತ ಒಳಗೆ ಹೋದರು. ಮಾವ ಬಾಗಿಲ ಮುಂದೆ ತುಸು ಹೊತ್ತು ನಿಂತರು. ಆಮೇಲೆ ಬಗ್ಗಿ ಒಳಗೆ ಬಂದು ಮಜ್ಜಿಗೆ ಕಂಬಕ್ಕೆ ಒರಗಿ ಕುಳಿತರು. ಬಹಳ ಇಳಿದುಹೋಗಿದ್ದರು. ಮಧ್ಯಾಹ್ನ ಕಳೆದು ಮಳೆ ಹಿಡಿಯಿತು, ದಪ್ಪ ಹನಿಯ ಮಳೆ. ಗಂಡ ಹೊರಗೆ ಎತ್ತು ಕಟ್ಟಲು ಹೋಗಿದ್ದರು, ಅತ್ತೆ ಒಳಗೆ ಮಲಗಿದ್ದರು. ನಾನು ಅಡಿಗೆಮನೆಯ ಬಾಗಿಲ ಮರೆಯಲ್ಲಿ ಹಳೆಯ ಅಭ್ಯಾಸದಂತೆ ನಿಂತಿದ್ದೆ. ನೀರು ಬೇಕೆಂದು ಗೋಡೆಗೆ ಹೇಳುತ್ತಾರೆ ಎಂದು ಕಾದೆ.

ಮಾವ ತಲೆಯೆತ್ತಿ ಹೊದಿಕೆಯನ್ನು ನೋಡಿದರು. ಸೂರಿನಿಂದ ನೆತ್ತಿಯವರೆಗೆ, ಸಾಲು ಸಾಲಾಗಿ, ತುಂಬ ಹೊತ್ತು ನೋಡಿದರು. ಆಮೇಲೆ ಬಾಗಿಲ ಕಡೆ ತಿರುಗಿ ಕೇಳಿದರು.

"ಸೋರಲ್ವೇನಮ್ಮಾ?"

ನಾನು ಬಾಗಿಲ ಮರೆ ಬಿಟ್ಟು ಈಚೆಗೆ ಬಂದು ಅವರ ಎದುರಿಗೆ ನಿಂತೆ.

"ನಾನು ಹೊದಿಸಿದ್ದು ಮಾವ. ಅದ್ಹೆಂಗೆ ಸೋರುತ್ತೆ?"