ಸುಮಿತ್ರಕ್ಕನ ಜೊತೆ ಪಂಜಕುಸ್ತಿ

ಸುಮಿತ್ರಕ್ಕನ ಕೊರಳಲ್ಲಿ ತಾಳಿಯ ಪಕ್ಕದಲ್ಲೇ ಒಂದು ಸೀಟಿ ನೇತಾಡುತ್ತಿತ್ತು. ಹಿಂದೆ ಅವರು ಶಾಲೆಯ ಹುಡುಗಿಯರಿಗೆ ಥ್ರೋಬಾಲ್ ಕಲಿಸುತ್ತಿದ್ದ ಕಾಲದ ಸೀಟಿ. ತೋಟದವರನ್ನು ಕಾಫಿಗೆ ಕರೆಯಲು, ಮಂಗ ಓಡಿಸಲು, ಗಂಡನನ್ನು ನಿದ್ದೆಯಿಂದ ಎಬ್ಬಿಸಲು, ಎಲ್ಲದಕ್ಕೂ ಅದೇ. ಅದನ್ನು ಊದಿದರೆ ನಾನಂತೂ ತೋಳು ಮಡಚಿ ಸಿದ್ಧವಾಗಬೇಕಿತ್ತು.

ಬಣಕಲ್ ಹತ್ತಿರ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಬೇಲಿ ಅಷ್ಟೆ. ಹುಟ್ಟಿನಿಂದಲೇ ನನ್ನ ಕಾಲುಗಳಿಗೆ ಬಲವಿಲ್ಲ; ಎಂಟನೆಯ ವಯಸ್ಸಿಗೆ ಕೈಯಿಂದ ತಳ್ಳಿಕೊಳ್ಳುವ ಗಾಲಿಕುರ್ಚಿ ಬಂತು. ನಮ್ಮ ಕಡೆ ಎಲ್ಲಿ ನೋಡಿದರೂ ಏರು, ಇಲ್ಲವೇ ಇಳಿಜಾರು. ಸಮತಟ್ಟು ಜಾಗವೆಂದರೆ ಸುಮಿತ್ರಕ್ಕನ ಮನೆಯ, ಕಾಫಿ ಒಣಗಿಸುವ ಸಿಮೆಂಟಿನ ಕಣ ಒಂದೇ. ಮೂಡಿಗೆರೆಯ ಫಿಸಿಯೋಥೆರಪಿ ಮೇಡಂ ಮನೆಯಲ್ಲಿ ಮಾಡಲು ತೋಳಿನ ವ್ಯಾಯಾಮ ಹೇಳಿಕೊಟ್ಟಿದ್ದರು. ನಾನೋ ಮೂತಿ ತಿರುಗಿಸಿ ಕೂರುತ್ತಿದ್ದೆ. ಅಮ್ಮ ಸಾಕಾಗಿ ಬೇಲಿಯಾಚೆ ದೂರು ಹೇಳಿದರು.

ಸುಮಿತ್ರಕ್ಕ ನನ್ನನ್ನು ಕಣಕ್ಕೆ ಕರೆದೊಯ್ದು, ನಡುವೆ ಸ್ಟೂಲ್ ಇಟ್ಟು, ಮೊಣಕೈ ಊರಿ ಅಂಗೈ ಚಾಚಿದರು. "ಬಾ ಪಂಜಕುಸ್ತಿಗೆ. ನನ್ನ ಕೈ ಮಣಿಸಿದ್ರೆ ವ್ಯಾಯಾಮಕ್ಕೆ ರಜೆ."

ಕಣ್ಣು ಮಿಟುಕಿಸುವುದರೊಳಗೆ ಸೋತೆ.

"ಮಗು ಅಲ್ವಾ, ಒಂದ್ಸಲ ಬಿಟ್ಟುಕೊಡಬಾರ್ದಾ?" ಅಮ್ಮನಿಗೆ ಸಿಟ್ಟು.

"ಬಿಟ್ಟುಕೊಡೋದು ನಂಗೆ ಬರಲ್ಲ ಮಾರಾಯ್ತಿ. ಅವಳೇ ಗೆಲ್ಲಲಿ."

ನನಗೆ ಮೈಯೆಲ್ಲ ಉರಿದುಹೋಯಿತು. ಈ ಹೆಂಗಸಿನ ಕೈ ಮಣಿಸಿಯೇ ತೀರುತ್ತೇನೆ ಎಂದು ಅಂದೇ ಹಠ ತೊಟ್ಟೆ!

ಸುಮಿತ್ರಕ್ಕ ಕಿಟಕಿಯ ಸರಳಿಗೆ ಹಳೆಯ ಸೈಕಲ್ ಟ್ಯೂಬ್ ಕಟ್ಟಿ, ನನ್ನಿಂದ ಎದೆಯ ಕಡೆಗೆ ಎಳೆಸಿದರು. ನೀರು ತುಂಬಿದ ಬಾಟಲಿ ಎತ್ತಿಸಿದರು. ಕಾಫಿ ಹರಡಿದ ದಿನಗಳಲ್ಲಂತೂ ನನಗೆ ಹಬ್ಬ. ಕುರ್ಚಿಗೆ ಬ್ರೇಕ್ ಹಾಕಿ, ಕಣದ ಅಂಚಿನಲ್ಲಿ ಕೂತು, ಉದ್ದ ಹಿಡಿಯ ಹಲಗೆಯಿಂದ ಕಾಫಿ ಹಣ್ಣನ್ನು ನನ್ನತ್ತ ಎಳೆಯುವುದು. "ಗಾಲಿ ತಳ್ಳಿ ತಳ್ಳಿ ಹೆಗಲು ಮುಂದೆ ಬಾಗ್ತದೆ ಅಂತ ಮೇಡಂ ಹೇಳಿದಾರೆ. ಹಿಂದಕ್ಕೆ ಎಳಿ! ಬೆನ್ನು ನೆಟ್ಟಗೆ!" ಎಂದು ಕೂಗುತ್ತಿದ್ದರೆ ಕೆಲಸದ ಹೆಂಗಸರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

ಒಮ್ಮೆ ಬೇಗ ಗೆಲ್ಲುವ ಆಸೆಗೆ ಕದ್ದುಮುಚ್ಚಿ ಹೆಚ್ಚು ಹೊತ್ತು ಎಳೆದು ಹೆಗಲು ನೋಯಿಸಿಕೊಂಡೆ. ಸುಮಿತ್ರಕ್ಕ ಟ್ಯೂಬ್ ಬಿಚ್ಚಿ ಒಳಗಿಟ್ಟು, ಮೇಡಂಗೆ ಫೋನ್ ಮಾಡಿದರು. "ನೋವು ಹೋಗೋ ತನಕ ಏನೂ ಬೇಡ. ನಿಂಗೆ ಹೆಗಲೇ ಕಾಲು. ಅದನ್ನೇ ಹಾಳು ಮಾಡ್ಕೊಂಡ್ರೆ ಹೋಗೋದು ಹೇಗೆ?" ಎಂದರು.

ಕಣದಿಂದ ರಸ್ತೆಗೆ ಹೋಗುವ ಏರನ್ನು ನಾನೇ ಹತ್ತಿದ ದಿನ ಅವರು ಹಿಂದೆಯೇ ಬಂದರು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು. "ಕೈ ಬಿಚ್ಚಿದ್ರೆ ನಾನೇ ತಳ್ಳಿಬಿಡ್ತೀನಿ, ಅದಕ್ಕೆ" ಎಂದರು. ನಾನು ಮೇಲೆ ತಲುಪಿದಾಗ ಅವರು ಊದಿದ ಸೀಟಿಯನ್ನು ಕಂಡಕ್ಟರ್ ಸೀಟಿಯೆಂದುಕೊಂಡು ಮೂಡಿಗೆರೆ ಬಸ್ಸೇ ನಿಂತಿತು! ಬಸ್ಸಿನವರಿಗೆಲ್ಲ ನನ್ನನ್ನು ತೋರಿಸಿ, "ಒಬ್ಳೇ ಹತ್ತಿದ್ಲು ಕಣ್ರಿ!" ಎಂದು ಸಾರಿದರು. ಅದೇ ಸಂಜೆ ಪಂಜಕುಸ್ತಿಯಲ್ಲಿ ಮತ್ತೆ ಸೋಲಿಸಿದರು.

ನಾನು ಪಿಯುಸಿಗೆ ಬರುವಷ್ಟರಲ್ಲಿ ಅವರು ಕಾಯಿಲೆ ಬಿದ್ದು ತೀರಾ ಸೊರಗಿದ್ದರು. ಕಳಸದ ಮಗಳ ಮನೆಗೆ ಕರೆದೊಯ್ಯಲು ಜೀಪು ಬಂದು ನಿಂತಿತ್ತು. ಅವರು ಮತ್ತೆ ಈ ಕಣಕ್ಕೆ ಬರಲಿಲ್ಲ; ಅದೇ ನಮ್ಮ ಕೊನೆಯ ಭೇಟಿ. ಜೀಪು ಹತ್ತುವ ಮೊದಲು ಸ್ಟೂಲ್ ತರಿಸಿ, ಮೊಣಕೈ ಊರಿದರು. ಬಳೆಗಳು ಮೊಣಕೈವರೆಗೆ ಜಾರಿದವು.

ಹಿಡಿದ ಕೂಡಲೇ ಗೊತ್ತಾಯಿತು, ಒಮ್ಮೆ ಒತ್ತಿದರೆ ಮುಗಿಯಿತು. ನನಗೆ ಅಳು ಬಂತು. ಕೈ ಸಡಿಲಿಸಿದೆ.

ಸುಮಿತ್ರಕ್ಕ ದುರುಗುಟ್ಟಿ ನೋಡಿದರು. "ಏನೇ, ಬಿಟ್ಟುಕೊಡ್ತಿದೀಯಾ? ನಾನು ನಿಂಗೆ ಯಾವತ್ತಾದ್ರೂ ಬಿಟ್ಟುಕೊಟ್ಟಿದ್ನಾ?"

ಬೆನ್ನು ನೆಟ್ಟಗೆ ಮಾಡಿದೆ. ಕಣ್ಣೀರು ಒರೆಸಿಕೊಳ್ಳದೆ, ಇದ್ದ ಬಲವನ್ನೆಲ್ಲ ಹಾಕಿ ಒತ್ತಿದೆ. ಅವರ ಕೈ ಸ್ಟೂಲಿಗೆ ತಾಗಿತು.

ಅವರು ಸೀಟಿ ಬಾಯಿಗಿಟ್ಟು ಊದಿದರು. ಉಸಿರು ಸಾಲಲಿಲ್ಲ. ಸೀಟಿ ಕೆಳಗೆ ಬಿಟ್ಟು, ತೋಟದ ಕಡೆಗೆ ತಿರುಗಿ ಕೂಗಿದರು: "ಗೆದ್ಲು ಕಣ್ರೇ! ನನ್ನನ್ನೇ ಸೋಲಿಸಿದ್ಲು!"