ಗಂಜಿ ತೆಗೆಯದ ಬಟ್ಟೆ

ಬನಹಟ್ಟಿಯಲ್ಲಿ ನಮ್ಮ ಪಕ್ಕದ ಮನೆಯ ನರ್ಸಮ್ಮ ಯಾವ ಕೆಲಸಕ್ಕೂ "ಯಾಕ ಆಗೂದಿಲ್ರಿ?" ಎನ್ನುತ್ತ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. ಅವಳು ಐರ್ಲೆಂಡಿನಲ್ಲಿ ನರ್ಸಾಗಿ ದುಡಿಯುವಾಗ ಮನೆಯಲ್ಲಿಟ್ಟುಕೊಂಡಿದ್ದ ಅಲ್ಲಿಯ ಮುದುಕಿಯೊಬ್ಬಳು ಅವಳನ್ನು ನೋಡಲು ಬರುವವಳಿದ್ದಳು. ಮಕ್ಕಳೇ, ಆ ಮುದುಕಿ ಹಬ್ಬಕ್ಕೆ ಮಾಡಿ ಉಣಿಸುತ್ತಿದ್ದ ಹಣ್ಣಿನ ಪುಡಿಂಗನ್ನು ಅವಳಿಗೇ ಮಾಡಿ ಉಣಿಸಬೇಕೆಂದು ನರ್ಸಮ್ಮ ಹಟ ಹಿಡಿದಳು. ಅದರ ಮೇಲೆ ಸುರಿಯುವ ಸಿಹಿ ರಸಕ್ಕೆ ವಿಸ್ಕಿ ಬೇಕು.

"ಲಿಂಗ ಕಟ್ಟಿದ ಮನ್ಯಾಗ ಸೆರೆ ಕಾಸ್ತೀಯೇನ ಬೇ?" ಎಂದು ಅವಳ ಅತ್ತೆ ಸಿಡುಕಿದಳು.

"ಒಳಗ ಬ್ಯಾಡಂದ್ರ ಹಿತ್ತಲದಾಗ ಕಾಸ್ತೇನ್ರಿ," ಎಂದು ನರ್ಸಮ್ಮ ಮೂರು ಕಲ್ಲು ಹೂಡಿ ಒಲೆ ಹಚ್ಚಿದಳು.

ಖರ್ಜೂರ, ಒಣದ್ರಾಕ್ಷಿ, ಮುಧೋಳದ ಬೆಲ್ಲ ಹಾಕಿ ಕಲಸಿದ ಹಿಟ್ಟನ್ನು, ಬರುವವರಿಗೆ ಹೊಸದೇ ಇರಲೆಂದು, ಮನೆಯ ಮಗ್ಗದಿಂದ ಆಗಷ್ಟೇ ಇಳಿದ ಬಟ್ಟೆಯಲ್ಲಿ ಕಟ್ಟಿ ಹಬೆಯಲ್ಲಿಟ್ಟಳು. ಮಧ್ಯಾಹ್ನ ಬಿಚ್ಚಿದರೆ ನೇಯುವ ಮೊದಲು ನೂಲಿಗೆ ಹಚ್ಚಿದ್ದ ಗಂಜಿ ಅಂಟಾಗಿ, ಅರ್ಧ ಪುಡಿಂಗು ಬಟ್ಟೆಗೇ ಕಚ್ಚಿಕೊಂಡಿತ್ತು. ಮುದುಕಿ ಸಂಜೆಗೆ ಬರುವವಳು.

"ಗಂಜಿ ತೆಗೀಲಾರದ ಅರಿವ್ಯಾಗ ಕಟ್ಟೀದಿ! ನೇಕಾರ ಮನಿ ಸೊಸಿ ಅಂದ್ರ ಮಂದಿ ನಗ್ತಾರ," ಎಂದಳು ಅತ್ತೆ.

ನೋಡಲು ಹೋಗಿದ್ದ ನಾನು ಮೆಲ್ಲಗೆ, "ಇನ್ನ ಆಗೂದಿಲ್ಲ, ಬಿಡವಾ," ಎಂದೆ.

"ಯಾಕ ಆಗೂದಿಲ್ರಿ? ನಿಮ್ಮ ಹಳೇ ಸೀರಿ ಒಂದ ಕೊಡ್ರಿ."

ಒಗೆದೊಗೆದು ಗಂಜಿಯೆಲ್ಲ ಹೋಗಿ ಮೆತ್ತಗಾದ ನನ್ನ ಸೀರೆ ಹರಿದು, ಮತ್ತೆ ಹಿಟ್ಟು ಕಲಸಿ ಕಟ್ಟಿದಳು. ಪಾತ್ರೆಯ ನೀರು ಬತ್ತದಂತೆ ಕಾಯುತ್ತ, ಊಟಕ್ಕೂ ಏಳಲಿಲ್ಲ. ಈ ಸಲ ಪುಡಿಂಗು ಬಟ್ಟೆಗೆ ಕಚ್ಚದೆ ಇಡಿಯಾಗಿ ಬಂತು.

ಸಂಜೆ ಬಂದ ಮುದುಕಿ ಹಾಕಿದ್ದನ್ನೆಲ್ಲ ಬಳಿದು ತಿಂದಳು. ಆಮೇಲೆ ತಟ್ಟೆಯನ್ನು ಮತ್ತೆ ಚಾಚಿದಳು. ನರ್ಸಮ್ಮ ಬಡಿಸುತ್ತಿರುವಾಗ ಬಾಗಿಲಲ್ಲಿ ನಿಂತಿದ್ದ ಅತ್ತೆ ಕೇಳಿದಳು:

"ನನಗೂ ಒಂದ ಚೂರ ಹಾಕ ಬೇ. ಆ ರಸ ಮಾತ್ರ ಬ್ಯಾಡ."