ಜ್ವರದವಳಿಗೆ ಬೊಂಡ

ಕನ್ನಡ ನಾಡು ಒಂದಾದ ಮರುವರ್ಷ ನನ್ನ ಮೊದಲ ಕಾದಂಬರಿ ಅಚ್ಚಾಯಿತು. ಮುಂಬಯಿಯಲ್ಲಿ ಒಂದು ಕನ್ನಡ ಪುಸ್ತಕ ಬಂದಿದೆ ಎಂದು ಜನಕ್ಕೆ ಗೊತ್ತಾಗಲು ಆಗ ಇದ್ದದ್ದು ಒಂದೇ ದಾರಿ, ನಮ್ಮವರ ಮಾಸಪತ್ರಿಕೆಯ ವಿಮರ್ಶೆ. ಅದನ್ನು ಬರೆಯುತ್ತಿದ್ದವರು ಧಾರವಾಡದ ಕಡೆಯ ಒಬ್ಬ ಮಾಸ್ತರರು. ಅವರು ಹೊಗಳಿದರೆ ಪುಸ್ತಕ ವಡಾಲದಿಂದ ಬೊರಿವಲಿಯವರೆಗೆ ಕೈಯಿಂದ ಕೈಗೆ ಹೋಗುತ್ತಿತ್ತು. ಬೈದರೆ ಕಟ್ಟು ಬಿಚ್ಚದೆ ಮಂಚದ ಕೆಳಗೆ.

ನನ್ನದನ್ನು ಬೈದಿದ್ದರು. ಓದಿ ಹೇಳಿದ್ದು ನನ್ನ ಗಂಡ. ಮಾಟುಂಗದ ಹೋಟೆಲೊಂದರ ಗಲ್ಲೆಯಲ್ಲಿ ಕೂರುವವರು, ನಗು ತಡೆದು ಅಭ್ಯಾಸವಿಲ್ಲ.

"ಏ ಮಾರಾಯ್ತಿ, ನಿನ್ನ ಕತೆಯಲ್ಲಿ ಜ್ವರ ಬಂದವಳಿಗೆ ಬೊಂಡ ಕೊಟ್ಟದ್ದು ತಪ್ಪಂತೆ. ಎಣ್ಣೆಯಲ್ಲಿ ಕರಿದದ್ದು ಕೊಟ್ಟರೆ ಅವಳು ಬದುಕುವುದು ಹೇಗೆ ಅಂತ ಕೇಳಿದ್ದಾರೆ. ಮತ್ತೆ, ಬೊಂಡ ಕುಡಿಸುವುದು ಯಾವ ಊರಿನ ಪದ್ಧತಿ ಅಂತ!"

ನಮ್ಮ ಉಡುಪಿ ಕಡೆ ಬೊಂಡ ಅಂದರೆ ಎಳನೀರು. ನನಗೆ ನಗು ಬರಲಿಲ್ಲ. ಎರಡನೆಯ ಕಾದಂಬರಿ ಅರ್ಧ ಬರೆದಿಟ್ಟಿದ್ದೆ. ಇನ್ನು ಬರೆಯುವುದೇ ಇಲ್ಲ, ಆ ಹಾಳೆಗಳು ಒಲೆಗೆ ಎಂದುಬಿಟ್ಟೆ.

"ಒಲೆಗೆ ಹಾಕುವ ಮೊದಲು ಅವರ ಹತ್ರ ಒಂದು ಮಾತು ಕೇಳುವ, ನಡಿ" ಎಂದು ಗಂಡ ಭಾನುವಾರ ನನ್ನನ್ನು ಘಾಟ್ಕೋಪರಿಗೆ, ಮಾಸ್ತರರ ಚಾಳಿನ ಮನೆಗೆ ಎಳೆದುಕೊಂಡು ಹೋದರು.

ವಿಷಯ ಕೇಳಿ ಮಾಸ್ತರರು ಹಣೆ ಬಡಿದುಕೊಂಡರು. "ಎಳನೀರಾ? ಅಯ್ಯ ಶಿವನ! ನಿಮ್ಮ ಉಡುಪಿ ಹೋಟೆಲ್ಲಿನ್ಯಾಗ ತಿಂದಽ ನಾ ಬೋಂಡಾ ಅಂದ್ರ ಏನಂತ ಕಲ್ತದ್ದು. ಬೋರ್ಡಿನ ಮ್ಯಾಲ ಒಂದು ಬರೀತೀರಿ, ಪುಸ್ತಕದಾಗ ಇನ್ನೊಂದು. ನಾ ಏನ್ ಮಾಡ್ಲಿ?"

"ಹಾಗಾದ್ರೆ ತಪ್ಪು ನಮ್ಮ ಅಡುಗೆಭಟ್ಟರದ್ದು" ಅಂದರು ನನ್ನವರು.

"ತಪ್ಪಾತು ಅಂತ ಮುಂದಿನ ಸಂಚಿಕಿಯೊಳಗ ಬರೀತೀನ್ರಿ. ಆದ್ರ ಅಕ್ಕಾರ, ಕಡೀ ಅಧ್ಯಾಯದ ಬಗ್ಗೆ ಬರದದ್ದು ಹಿಂದ ತಗೊಳ್ಳಂಗಿಲ್ಲ."

ಅಲ್ಲಿಯವರೆಗೆ ನಾನು ವಿಮರ್ಶೆ ಓದಿಯೇ ಇರಲಿಲ್ಲ. ಬೊಂಡದಲ್ಲೇ ಸಿಕ್ಕಿಬಿದ್ದಿದ್ದೆ.

"ಅತ್ತಿ ಅಷ್ಟು ಕಾಡ್ಯಾಳ. ಹುಡುಗಿ ಎರಡು ಪುಟದಾಗ ಎಲ್ಲಾ ಮರತು ಕಾಲಿಗೆ ಬೀಳ್ತಾಳ. ಮುಗಸೋ ಅವಸರ ನಿಮಗಿತ್ರಿ, ಆಕಿಗಿರಲಿಲ್ಲ."

ಮೈ ಉರಿಯಿತು, ಏಕೆಂದರೆ ಮಾತು ನಿಜ. ಪ್ರೆಸ್ಸಿನವರು ಅವಸರ ಮಾಡಿದಾಗ ಆ ಅಧ್ಯಾಯವನ್ನು ಹೇಗೋ ಗೀಚಿ ಕೊಟ್ಟಿದ್ದೆ. ಹೊಗಳಿದ ನೆಂಟರಿಷ್ಟರಲ್ಲಿ ಒಬ್ಬರೂ ಅಲ್ಲಿಯವರೆಗೆ ಓದಿರಲಿಲ್ಲ ಎಂಬುದು ಆಗ ಹೊಳೆಯಿತು. ಈ ಮನುಷ್ಯ, ತಮ್ಮದಲ್ಲದ ಕನ್ನಡವನ್ನು ತಡವರಿಸಿಕೊಂಡು, ಕೊನೆಯ ಸಾಲಿನವರೆಗೂ ಓದಿದ್ದರು.

ಈಗ ಪುಸ್ತಕ ಬಿಡುಗಡೆಯಾಗುವ ಮೊದಲೇ ಹೊಗಳಿಕೆ ಬಂದಿರುತ್ತದೆ. ಓದಿದಿರಾ ಎಂದು ಕೇಳಿದರೆ ಮುಖ ಊದಿಸುತ್ತಾರೆ. ಅಂಥ ಹೊಗಳಿಕೆಯಿಂದ ನಾನು ಏನೂ ಕಲಿತಿಲ್ಲ. ಮಾಸ್ತರರ ಬೈಗುಳದಿಂದ ಕಲಿತೆ, ಅವರ ಋಣ ದೊಡ್ಡದು.

ಆ ಭಾನುವಾರ ಮನೆಗೆ ಬಂದವಳೇ ಅರ್ಧ ಕಾದಂಬರಿ ಹಿಡಿದು ಕೂತೆ. ಅದು ಅಚ್ಚಾದಾಗ ಮಾಸ್ತರರು ಮತ್ತೆ ಬೈದರು, ಸಂಭಾಷಣೆ ಜಾಸ್ತಿಯಾಯಿತು ಎಂದು. ಕೊನೆಯ ಅಧ್ಯಾಯದ ಬಗ್ಗೆ ಮಾತ್ರ ಒಂದಕ್ಷರ ಇರಲಿಲ್ಲ. ನನಗೆ ಅಷ್ಟೇ ಬೇಕಾಗಿತ್ತು.